ಟೌನ್ ಹಾಲಿನ ಮೆಟ್ಟಿಲ ಮೇಲೆ

ಮೈಸೂರಿನ ದೊಡ್ಡ ಗಡಿಯಾರದ ಹತ್ರ ಟೌನ್ ಹಾಲಿದೆ. ಊರಿಂದ ಬಂದ ನಾವು ಹತ್ತು ಜನ ಅದರ ಮುಂದೆ ನಿಂತಿದ್ದೆವು. ಜೊತೆಗಿದ್ದ ತಾತ ಚಪ್ಪಲಿ ಕೈಗೆ ತಗೊಂಡು ಕೇಳಿದ: ‘ನಾವೂ ಒಳಕ್ಕೋಗಬೋದೇನ್ರಪ್ಪಾ?’

ಬಾಗಿಲು ತೆರೆದೇ ಇತ್ತು. ತಡೆಯುವವರು ಯಾರೂ ಇರಲಿಲ್ಲ. ಆದರೂ ತಾತನ ಬಾಯಲ್ಲಿ ಆ ಮಾತು ಯಾಕೆ ಬಂತು? ಉತ್ತರ ಚರಿತ್ರೆಯಲ್ಲಿದೆ.

೧೮೮೪ರಲ್ಲಿ ಕಟ್ಟಲು ತೊಡಗಿದ ಈ ಕಟ್ಟಡದ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಐವತ್ತು ವರ್ಷದ ಬ್ರಿಟಿಷ್ ಆಡಳಿತ ಮುಗಿದು, ೧೮೮೧ರಲ್ಲಿ ಸಂಸ್ಥಾನ ಒಡೆಯರ ಕೈಗೆ ವಾಪಸು ಬಂದಾಗ ರಂಗಾಚಾರ್ಲು ದಿವಾನರಾಗಿದ್ದರು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ಪಠ್ಯಪುಸ್ತಕಗಳು ಇದನ್ನು ಹೊಗಳುತ್ತವೆ. ಹೊಗಳಲಿ, ಅದು ದೊಡ್ಡ ಕೆಲಸವೇ. ಆದರೆ ಅಲ್ಲಿಗೇ ನಿಲ್ಲಿಸಿದರೆ ಮೋಸ.

ಮೊದಲ ಸಭೆಗೆ ಬಂದ ೧೪೪ ಜನ ಯಾರು? ಜಮೀನಿದ್ದವರು, ವ್ಯಾಪಾರಿಗಳು. ಕಾನೂನು ಮಾಡುವ ಅಧಿಕಾರ ಅವರಿಗೂ ಇರಲಿಲ್ಲ. ದಿವಾನರ ಭಾಷಣ ಕೇಳಿ ಅಹವಾಲು ಹೇಳಿಕೊಳ್ಳುವುದಷ್ಟೇ. ೧೮೯೧ರಲ್ಲಿ ಚುನಾವಣೆ ಬಂತು. ಓಟು ಮಾತ್ರ ಆಸ್ತಿಯಿದ್ದವನಿಗೆ, ಡಿಗ್ರಿ ಪಡೆದವನಿಗೆ. ಜೀತಕ್ಕಿದ್ದವನಿಗೆ ಆಸ್ತಿ ಎಲ್ಲಿಂದ ಬರಬೇಕು? ಶಾಲೆಯ ಜಗಲಿ ಹತ್ತಲು ಬಿಡದವನಿಗೆ ಡಿಗ್ರಿ ಎಲ್ಲಿಂದ? ಆ ನಿಯಮ ಜಾತಿಯ ಹೆಸರೆತ್ತಬೇಕಾಗಿಯೇ ಇರಲಿಲ್ಲ. ನಮ್ಮ ಕೇರಿಗಳು ತಾವಾಗಿ ಹೊರಗುಳಿದವು.

೧೯೧೮ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರ ಪಾಲೇನು ಅನ್ನೋ ಪ್ರಶ್ನೆ ಕೊನೆಗೂ ಕಾಗದದ ಮೇಲೆ ಬಂತು. ೧೯೪೯ರಲ್ಲಿ ಪ್ರಜಾಪ್ರತಿನಿಧಿ ಸಭೆಯೇ ಮುಗಿಯಿತು. ೧೯೫೦ರ ಸಂವಿಧಾನದ ೧೭ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಬಾವಿ, ಕೆರೆ, ರಸ್ತೆ, ಹೋಟೆಲು, ಜನ ಸೇರುವ ಜಾಗ ಯಾವುದಕ್ಕೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ ಎಂದಿತು ೧೫ನೇ ವಿಧಿ. ತಾತನ ಅಪ್ಪ ಮೊದಲ ಸಲ ಓಟು ಹಾಕಿದ್ದು ೧೯೫೨ರಲ್ಲಿ. ಆಸ್ತಿ ಕೇಳಲಿಲ್ಲ, ಡಿಗ್ರಿ ಕೇಳಲಿಲ್ಲ.

ಕಾಯಿದೆ ಬಾಗಿಲು ತೆಗೆಯಿತು. ಎದೆಯೊಳಗಿನ ಅಂಜಿಕೆ ಮಾತ್ರ ಕಾಯಿದೆಯಿಂದ ಹೋಗಲಿಲ್ಲ. ಊರಲ್ಲಿ ಇವತ್ತಿಗೂ ಗುಡಿಯ ಮುಂದೆ ತಾತನ ಕಾಲು ತಾನಾಗಿ ನಿಲ್ಲುತ್ತದೆ. ಆ ಅಂಜಿಕೆಯನ್ನೇ ಅವನು ಮೈಸೂರಿಗೂ ಹೊತ್ತು ತಂದಿದ್ದ.

ಟೌನ್ ಹಾಲಿನ ಮುಂದೆ ಬಾಬಾಸಾಹೇಬರ ಪ್ರತಿಮೆಯಿದೆ. ನಾವು ಅದನ್ನು ತೋರಿಸಿದೆವು. ತಾತ ಬಹಳ ಹೊತ್ತು ನೋಡಿದ. ಚಪ್ಪಲಿ ಕೆಳಗೆ ಹಾಕಿ ಮೆಟ್ಟಿಕೊಂಡ. ನಮಗಿಂತ ಮುಂದಾಗಿ ಮೆಟ್ಟಿಲು ಹತ್ತಿದ.

ಮೇಷ್ಟ್ರುಗಳೇ, ಮಕ್ಕಳನ್ನು ಇಲ್ಲಿಗೆ ಕರೆತನ್ನಿ. ಇದನ್ನು ಯಾರ ನೆನಪಿಗೆ ಕಟ್ಟಿದರು ಅಂತ ಹೇಳಿ. ಆ ಸಭೆಗೆ ಯಾರನ್ನು ಕರೆಯಲಿಲ್ಲ ಅನ್ನೋದನ್ನೂ ಹೇಳಿ.