ಸಾಂತಳಿಗೆ ನಾಡು ಮತ್ತು ಮಹಾವೀರಾಚಾರ್ಯರ ಸಂಖ್ಯಾಹಾರ

ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬಹುಭಾಗವನ್ನು ಒಳಗೊಂಡಿದ್ದ ಪ್ರಾಚೀನ ನಾಡನ್ನು ಶಾಸನಗಳು 'ಸಾಂತಳಿಗೆ ಸಾಸಿರ'ವೆಂದು ಕರೆಯುತ್ತವೆ. ನಾಡಿನ ಹೆಸರಿನಲ್ಲಿಯೇ ಒಂದು ಸಂಖ್ಯೆ ನೆಲೆಗೊಂಡಿದೆ. ಸಾಂತರ ಅರಸರ ರಾಜಧಾನಿಯಾಗಿದ್ದ ಹೊಂಬುಜದಲ್ಲಿ ಕ್ರಿ.ಶ. 897ರಲ್ಲಿ ವಿಕ್ರಮಸಾಂತರನು ಬಸದಿಯನ್ನು ಕಟ್ಟಿಸಿದನು. ಶಕವರ್ಷ 999ರಲ್ಲಿ, ಎಂದರೆ ಕ್ರಿ.ಶ. 1077ರಲ್ಲಿ, ಚಟ್ಟಲದೇವಿಯು ಪಂಚಕೂಟ ಬಸದಿಯನ್ನು ನಿರ್ಮಿಸಿದಳು. ಕಲ್ಲಿನಲ್ಲಿ ನಿಂತ ಈ ಧರ್ಮಕಾರ್ಯಗಳು ಸರ್ವವಿದಿತವಾಗಿವೆ. ಓಲೆಗರಿಯಲ್ಲಿ ಉಳಿದುಬಂದ ಜೈನ ಗಣಿತದ ಒಂದು ನಿಧಿಗೂ ಇದೇ ಹೊಂಬುಜಕ್ಕೂ ಇರುವ ನಂಟು ಅಷ್ಟು ಪರಿಚಿತವಲ್ಲ.

ಆ ನಿಧಿಯೇ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ರಚಿತವಾದ ಈ ಸಂಸ್ಕೃತ ಗ್ರಂಥವು ಜಿನೇಂದ್ರ ಮಹಾವೀರನ ಸ್ತುತಿಯಿಂದ ಆರಂಭವಾಗುತ್ತದೆ. ಏಕ, ದಶ, ಶತಗಳಿಂದ ಮೊದಲ್ಗೊಂಡು ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಆಚಾರ್ಯರು ಹೆಸರಿಸಿದ್ದಾರೆ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆಗಳು.

ಗುಣಾಕಾರದ ಪ್ರಕರಣದಲ್ಲಿ ಆಚಾರ್ಯರು ಕೆಲವು ಗುಣಲಬ್ಧಗಳನ್ನು ಕೊರಳಹಾರಕ್ಕೆ ಹೋಲಿಸಿದ್ದಾರೆ. 27994681ನ್ನು 441ರಿಂದ ಗುಣಿಸಿದರೆ 12345654321 ದೊರೆಯುತ್ತದೆ. ಅಂಕಿಗಳು ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುತ್ತವೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆ ಒಂದೇ.

ಈ ಚೆಲುವು ಆಕಸ್ಮಿಕವಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21 ಮತ್ತು 5291ರ ಗುಣಲಬ್ಧ 111111. ಆದುದರಿಂದ ಹಾರದ ಸಂಖ್ಯೆಯು ಆರು ಒಂದುಗಳ ವರ್ಗವೇ ಆಗಿದೆ. ಅದರ ಅಂಕಿಗಳ ಮೊತ್ತ 36. ಇದು ಆರರ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಯಾವ ಸ್ಥಾನದಲ್ಲಿಯೂ ಮೊತ್ತವು ಹತ್ತನ್ನು ಮುಟ್ಟದು, ದಶಕ ಏರದು. ಒಂಬತ್ತು ಒಂದುಗಳವರೆಗೂ ಈ ನಿಯಮ ನಿಲ್ಲುತ್ತದೆ. ಹತ್ತು ಒಂದುಗಳಾದರೆ ನಡುಸ್ಥಾನದಲ್ಲಿ ಹತ್ತು ಬಂದು ದಶಕವೇರುತ್ತದೆ, ಹಾರ ಕಡಿಯುತ್ತದೆ.

ಇನ್ನೊಂದು ಪ್ರಯೋಜನವನ್ನೂ ಇಲ್ಲಿ ಗಮನಿಸಬೇಕು. ಓಲೆಗರಿಗೆ ಹುಳು ಹಿಡಿಯುತ್ತದೆ, ಅಕ್ಷರ ಮಾಸುತ್ತದೆ, ಪ್ರತಿ ಮಾಡುವವನ ಕೈ ತಪ್ಪುತ್ತದೆ. ಪದ್ಯದಲ್ಲಿ ಒಂದು ಪದ ತಪ್ಪಿದರೆ ಶಂಕೆ ಉಳಿಯಬಹುದು. ಗುಣ್ಯದ ಒಂದು ಅಂಕಿ ತಪ್ಪಿದರೆ ಹೇಳಿದ ಹಾರ ಕೂಡಿಬರುವುದಿಲ್ಲ. ಸಂಖ್ಯೆಯೇ ತನ್ನ ಪಾಠಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಆದರೆ ಸಾಕ್ಷಿ ನುಡಿಯಬೇಕಾದರೆ ಮೊದಲು ಓಲೆ ಉಳಿಯಬೇಕು.

ಉಳಿಸಿದವರು ಇದ್ದುದರಿಂದಲೇ ಗ್ರಂಥ ಉಳಿಯಿತು. ಮೂಡಬಿದಿರೆಯ ಜೈನಮಠದಲ್ಲಿದ್ದ ಕನ್ನಡ ಲಿಪಿಯ ಓಲೆಗರಿಯ ಪ್ರತಿಯೂ ಎಂ. ರಂಗಾಚಾರ್ಯರ ಪರಿಷ್ಕರಣಕ್ಕೆ ಒದಗಿತು. 1912ರಲ್ಲಿ ಮದರಾಸಿನಲ್ಲಿ ಮೂಲವು ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಆಚಾರ್ಯರ ಕಾಲದಿಂದ ಸುಮಾರು ಸಾವಿರದ ನೂರೈವತ್ತು ವರ್ಷಗಳ ತರುವಾಯ, 2000ದಲ್ಲಿ, ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜ ಜೈನಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆ ಪ್ರಕಟಿಸಿತು. ನೃಪತುಂಗನ ಕಾಲದ ಸಂಖ್ಯಾಹಾರವು ಹೀಗೆ ಸಾಂತಳಿಗೆ ನಾಡಿನಿಂದ ಕನ್ನಡಿಗರ ಕೈಸೇರಿತು.

ಬಸದಿಯ ಪ್ರತಿಷ್ಠೆಯು ಜಿನಬಿಂಬಕ್ಕೆ ನೆಲೆಯನ್ನು ಕಲ್ಪಿಸುತ್ತದೆ. ಮನೆಯ ಅಟ್ಟದಲ್ಲೋ ಬಸದಿಯ ಪೆಟ್ಟಿಗೆಯಲ್ಲೋ ಮಲಗಿರುವ ಒಂದೊಂದು ಓಲೆಕಟ್ಟಿಗೂ ಅಂತಹ ನೆಲೆ ದೊರೆತರೆ ಜಿನವಾಣಿಯ ಸೇವೆ ಪೂರ್ಣವಾಗುತ್ತದೆ. ಯಾವ ಕಟ್ಟಿನಲ್ಲಿ ಇನ್ನಾವ ಹಾರ ಅಡಗಿದೆಯೋ, ಬಿಚ್ಚಿ ಓದಿದವರೇ ಬಲ್ಲರು.