ಮುಲ್ಕಿ ಹೋತು, ಮೌಲ್ಯಾಂಕನ ಬಂತು

ನಮ್ಮ ದುಮ್ಮವಾಡದ ಕಡೆ ವಯಸ್ಸಾದವರು ಇನ್ನೂ ಅಂತಿರ್ತಾರ: "ಅಂವ ಆಗಿನ ಕಾಲದ ಮುಲ್ಕಿ ಪಾಸಾದಾಂವ." ಈಗಿನ ಹುಡುಗರಿಗೆ ಮುಲ್ಕಿ ಅಂದ್ರೇನಂತ ಗೊತ್ತಿಲ್ಲ. 1956ರ ತನಕ ಧಾರವಾಡ ಜಿಲ್ಲಾ ಮುಂಬಯಿ ಆಡಳಿತದಾಗ ಇತ್ತು. ಆಗ ಕನ್ನಡ ಸಾಲ್ಯಾಗ ಏಳನೇ ಇಯತ್ತೆಗೆ ಕೊಡೋ ದೊಡ್ಡ ಪರೀಕ್ಷೆನ ಮುಲ್ಕಿ. ಪಾಸಾದವರಿಗೆ ಮಾಸ್ತರಕಿ, ತಲಾಠಿ ಕೆಲಸ ಸಿಗ್ತಿತ್ತು. ಅದಕ್ಕ ಶುದ್ಧಲೇಖನ, ವಿಭಕ್ತಿ, ಮಗ್ಗಿ ಗಟ್ಟಿ ಇರಬೇಕಿತ್ತು. ನಾಳೆ ಹೊಲದ ಉತಾರ ಬರಿಯಾಂವ ಅಂವನ ಅಲ್ಲೇನು, ಹೆಸರು ತಪ್ಪಿದ್ರ ರೈತನಿಗೆ ತ್ರಾಸು.

ಆದ್ರ ಮುಲ್ಕಿ ತನಕ ಮುಟ್ಟಿದವರು ಎಷ್ಟ ಮಂದಿ? ಭಾಳ ಹುಡುಗರು ನಡುವ ಸಾಲಿ ಬಿಟ್ಟು ಹೊಲಕ್ಕ ಹೋಗ್ತಿದ್ರು. ಹೆಣ್ಣುಮಕ್ಕಳ ಮಾತಂತೂ ಬ್ಯಾಡ. ಜರಡಿ ಹಿಡದು ಮ್ಯಾಲ ಉಳದ ಕಾಳಷ್ಟ ನೋಡಿ "ಆಗಿನ ಕಲಿಕೆ ಗಟ್ಟಿ" ಅಂತೀವಿ. ಕೆಳಗ ಬಿದ್ದದ್ದನ್ನ ಯಾರೂ ಎಣಿಸಲಿಲ್ಲ.

ವ್ಯಾಕರಣದ್ದೂ ಹಂಗ. ಸಂಸ್ಕೃತದ ಏಳು ವಿಭಕ್ತಿ ಲೆಕ್ಕ 13ನೇ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಾಗ ಐತಿ, ಸಾಲಿ ಪುಸ್ತಕದಾಗೂ ಐತಿ. ಪಂಚಮಿಗೆ ಅಂವ 'ಅತ್ತಣಿಂ' ಅಂದ, ನಮ್ಮ ಪುಸ್ತಕ 'ದೆಸೆಯಿಂದ' ಅಂತು. ನಾವು ಬಾಯಿಪಾಠ ಮಾಡಿದ್ವಿ. ಸಂತ್ಯಾಗ ಯಾರರೆ "ಮರದ ದೆಸೆಯಿಂದ ಹಣ್ಣು ಬಿತ್ತು" ಅಂತಾರೇನು? 'ಮನ್ಯಾಗ' ಅನ್ನೂದೂ ಸಪ್ತಮಿನ, ಆದ್ರ ಪೇಪರಿನ್ಯಾಗ 'ಮನೆಯಲ್ಲಿ' ಅಂತ ಬರದ್ರಷ್ಟ ಮಾರ್ಕು. ಪುಸ್ತಕದ ಕನ್ನಡ ಕಲೀಲೇಬೇಕು, ಖರೆ. ಮನಿ ಮಾತಿಗೂ ವ್ಯಾಕರಣ ಐತಿ ಅಂತ ಹೇಳಿಕೊಟ್ಟಿದ್ರ ಅದನ್ನ ಕಲಿಯೋದು ಹಗುರಾಗ್ತಿತ್ತು.

1995ರಾಗ ಎಚ್.ಡಿ. ಕೋಟೆ ಕಡೆ ಸುರುವಾದ ನಲಿ-ಕಲಿ ಆಮ್ಯಾಲೆ ರಾಜ್ಯದ ಸರಕಾರಿ ಸಾಲಿಗಳಿಗೆಲ್ಲಾ ಬಂತು. ಅದರಾಗ ಅ, ಆ, ಇ ಅಂತ ಸುರು ಮಾಡಂಗಿಲ್ಲ. ರ, ಗ, ಸ, ದ, ಅ. ಐದಕ್ಷರ ಬಂದ್ರ ಸಾಕು, ಹುಡುಗ ಸರ, ಗರಗಸ, ಅರಸ ಓದತಾನ. "ವರ್ಣಮಾಲೆ ಬಿಟ್ಟು ಇದೇನ?" ಅಂತ ಹಿರೇರು ಮಾರಿ ಕಿವುಚಿದ್ರೂ ಯುಕ್ತಿ ಚಲೋನ ಐತಿ.

2010ರಾಗ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಎಂಟನೇತ್ತೆ ತನಕ ನಪಾಸಿಲ್ಲ, ಬೋರ್ಡ್ ಪರೀಕ್ಷೆ ಇಲ್ಲ. ಸಾಲಿ ಬಿಡೋದು ತಪ್ಪಲಿ ಅಂತ ಮಾಡಿದ್ದು. 2019ರ ತಿದ್ದುಪಡಿ ಐದು, ಎಂಟನೇತ್ತೆಗೆ ಮತ್ತ ಪರೀಕ್ಷೆ ಮಾಡಾಕ ದಾರಿ ಬಿಡ್ತು. ನಮ್ಮ ರಾಜ್ಯದಾಗ 2023ರ ಮಾರ್ಚ್‌ದಾಗ ಮೌಲ್ಯಾಂಕನ ಆತು, ಅದೂ ಕೋರ್ಟಿಗೆ ಹೋಗಿ ಬಂದು. 2024ರಾಗಂತೂ ಮಕ್ಕಳು ಬರದ್ಮ್ಯಾಲೆ ಏಪ್ರಿಲ್‌ದಾಗ ಸುಪ್ರೀಂ ಕೋರ್ಟ್ ರಿಸಲ್ಟ್ ತಡೀತು.

ಮುಲ್ಕಿ ಶಾಣ್ಯಾ ಹುಡುಗರನ್ನ ಆರಸ್ತಿತ್ತು. ಈಗ ಎಲ್ಲಾ ಮಕ್ಕಳೂ ಸಾಲ್ಯಾಗ ಅದಾರ, ಹಿಂದ ಬಿದ್ದಾಂವನ್ನ ಹುಡುಕೋ ಪರೀಕ್ಷೆ ಬೇಕಾಗೇತಿ. ಓದಾಕ ಬರಂಗಿಲ್ಲಂತ ಮಾರ್ಚ್‌ದಾಗ ತಿಳದ್ರ ಏನುಪಯೋಗ? ದೀಪಾವಳಿಯೊಳಗ ತಿಳದ್ರ ಕಲಸಾಕ ಇನ್ನೂ ಹೊತ್ತಿರತೈತಿ.