ಮುರದ ಅಡಿಯ ಶೇಡಿ: ಕಾಸರಗೋಡಿನ ಗುಡ್ಡಗಳ ಮಣ್ಣು, ನೀರು ಮತ್ತು ದಾಖಲೆ ಸೇರದ ಅರಿವು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ)

ನನ್ನ ಧ್ವನಿ ಕೇಳ್ತಾ ಇದೆ ಅಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮಾರ್ಚ್ ಬಂತು ಅಂದರೆ ಗುಡ್ಡದ ಮೇಲಿನ ಹುಲ್ಲು ಒಣಗಿ, ಬಾವಿಯ ಹಗ್ಗ ಉದ್ದ ಆಗುತ್ತಾ ಹೋಗುತ್ತದೆ. ಇಷ್ಟು ಮಳೆ ಬೀಳುವ ನಾಡಿನ ಜನ ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದು ನೀರು ಯಾಕೆ ಹುಡುಕಿದರು? ಇದು ನನ್ನ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಮಣ್ಣಿನಲ್ಲಿದೆ. ಆ ಮಣ್ಣನ್ನು ಬಲ್ಲವರು ಯಾರು, ಅವರ ಅರಿವು ಕಾಗದಕ್ಕೆ ಬಂದದ್ದು ಹೇಗೆ, ಬಾರದೆ ಉಳಿದದ್ದು ಎಷ್ಟು ಎಂಬುದು ಎರಡನೆಯ ಪ್ರಶ್ನೆ. ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಕಾಡಿದ್ದು ಹೆಚ್ಚಾಗಿ ಎರಡನೆಯದೇ.

1. ಗುಡ್ಡದ ಒಳಗೆ ಏನಿದೆ

ಪರದೆಯ ಮೇಲೆ ಕಾಣುತ್ತಿರುವುದು ಒಂದು ಕಲ್ಲುಕೋರೆಯ ಗೋಡೆ. ಮೇಲಿನಿಂದ ಕೆಳಕ್ಕೆ ಓದಿಕೊಳ್ಳಿ. ತೀರಾ ಮೇಲೆ ಗಟ್ಟಿ ಮುರ, ಕಬ್ಬಿಣದ ಅಂಶ ಹೆಪ್ಪುಗಟ್ಟಿದ ಚಿಪ್ಪಿನ ಹಾಗೆ. ನಮ್ಮ ಪದವುಗಳ ಮೇಲೆ ಬರಿಗಾಲಲ್ಲಿ ನಡೆದವರಿಗೆ ಅದರ ಪರಿಚಯ ಬೇಡ. ಅದರ ಕೆಳಗೆ ತೂತುತೂತಾದ, ಸ್ವಲ್ಪ ಮೆತ್ತಗಿನ ಮುರ. ಮನೆ ಕಟ್ಟುವ ಕೆಂಪುಕಲ್ಲು ಸಿಗುವುದು ಇಲ್ಲಿಂದ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬೆರೆತ ನಯವಾದ ಜೇಡಿ; ತುಳುನಾಡಿನಲ್ಲಿ ಅದಕ್ಕೆ ಶೇಡಿ ಅನ್ನುತ್ತಾರೆ. ಇನ್ನೂ ಕೆಳಗೆ ಶಿಥಿಲವಾದ ಕಲ್ಲು, ಕೊನೆಗೆ ಗಟ್ಟಿ ಬಂಡೆ.

ಮೂರೂ ಒಂದೇ ಬಂಡೆಯಿಂದ ಹುಟ್ಟಿದವು. ಬಿಸಿಲು, ಮಳೆ, ಮತ್ತೆ ಬಿಸಿಲು, ಹೀಗೆ ಲಕ್ಷಾಂತರ ವರ್ಷ ನಡೆದಾಗ ಸುಣ್ಣ, ಪೊಟ್ಯಾಶ್‌ನಂಥ ಸಾರ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯಿತು. ಇಲ್ಲಿಯ ಜೇಡಿಯಲ್ಲಿ ಮುಖ್ಯವಾಗಿ ಇರುವುದು ಕೆಯೊಲಿನೈಟ್ ಎಂಬ ಖನಿಜ. ಉತ್ತರ ಕರ್ನಾಟಕದ ಎರೆಮಣ್ಣಿನ ಜೊತೆ ಹೋಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಗೊಬ್ಬರದ ಸಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮದು ಹಾಗೆ ಉಬ್ಬುವುದಿಲ್ಲ, ಸಾರವನ್ನೂ ಹಿಡಿಯುವುದಿಲ್ಲ. ಎರಡೂ ಜೇಡಿಯೇ, ಆದರೆ ಎರಡರ ಮೇಲೆ ಬೆಳೆದ ಸಮಾಜಗಳ ಲೆಕ್ಕಾಚಾರ ಬೇರೆ.

ನೀರಿನ ವಿಷಯಕ್ಕೆ ಬಂದರೆ, ಮುರದ ತೂತುಗಳಲ್ಲಿ ಮಳೆನೀರು ಸರಾಗ ಇಳಿಯುತ್ತದೆ. ಶೇಡಿಗೆ ಮುಟ್ಟಿದ ಮೇಲೆ ಅದರ ಓಟ ನಿಧಾನ. ಹಾಗಾಗಿ ಎರಡೂ ಕೂಡುವ ಮಟ್ಟದಲ್ಲಿ ನೀರು ಅಡ್ಡಕ್ಕೆ ಹರಿದು ಗುಡ್ಡದ ಬದಿಯಲ್ಲಿ ಒಸರಾಗಿ ಹೊರಬರುತ್ತದೆ. ಸುರಂಗ ಎಂದರೆ ಆ ಒಸರನ್ನು ಅದರ ಮೂಲದ ಕಡೆಗೆ ಹಿಂಬಾಲಿಸಿ ಹೋಗುವುದು, ಅಷ್ಟೆ. ಒಬ್ಬ ಆಳು ನಿಂತು, ಕೆಲವೆಡೆ ಬಗ್ಗಿ ಪಿಕಾಸಿ ಬೀಸುವಷ್ಟು ಜಾಗ ಬಿಟ್ಟು, ನೀರು ತಾನಾಗಿ ಹೊರಗೆ ಹರಿಯುವಂತೆ ತುಸು ಇಳಿಜಾರು ಕೊಟ್ಟು ಕೊರೆಯುತ್ತಾರೆ. ಮುರದಲ್ಲಿ ಕೊರೆದರೆ ಆಧಾರವಿಲ್ಲದೆ ನಿಲ್ಲುತ್ತದೆ. ಶೇಡಿಯೊಳಗೆ ಹೊಕ್ಕರೆ ಕುಸಿಯುವ ಭಯ. ಈ ಎರಡರ ನಡುವಿನ ಗೆರೆಯನ್ನು ಚಿಮಿಣಿ ದೀಪದ ಬೆಳಕಲ್ಲಿ, ಮಣ್ಣಿನ ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ ಗುರುತಿಸಬೇಕು. ತಪ್ಪಿದರೆ ಜೀವಕ್ಕೇ ಅಪಾಯ.

2. ಇಟ್ಟಿಗೆ ಕಲ್ಲು ಲ್ಯಾಟಿನ್ ಆದ ಬಗೆ

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪೆನಿಯ ಕೈಸೇರಿತು. ಮರುವರ್ಷ ವೈದ್ಯ ಫ್ರಾನ್ಸಿಸ್ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸುತ್ತಿದ. 1801ರ ಆರಂಭದಲ್ಲಿ ಹೊಸದುರ್ಗ, ಬೇಕಲ, ಮಂಜೇಶ್ವರದ ದಾರಿಯಲ್ಲೇ ಮಂಗಳೂರಿಗೆ ಹೋದ. ಅದಕ್ಕೆ ಮೊದಲು ಮಲಬಾರಿನ ಅಂಗಾಡಿಪುರದ ಬಳಿ ಅವನು ಒಂದು ವಿಚಿತ್ರ ಕಂಡಿದ್ದ: ನೆಲದಲ್ಲಿರುವಾಗ ಕಬ್ಬಿಣದ ಹತಾರದಿಂದ ಕಡಿಯುವಷ್ಟು ಮೆತ್ತಗೆ, ಹೊರಗೆ ತೆಗೆದು ಗಾಳಿಗೆ ಬಿಟ್ಟರೆ ಇಟ್ಟಿಗೆಯಷ್ಟು ಗಟ್ಟಿ. ಸ್ಥಳೀಯರು ಅದನ್ನು ಇಟ್ಟಿಗೆ ಕಲ್ಲು ಅನ್ನುತ್ತಿದ್ದರು. ಬುಕಾನನ್ ಅದೇ ಅರ್ಥವನ್ನು ಲ್ಯಾಟಿನ್‌ಗೆ ತಿರುಗಿಸಿ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಲಂಡನ್ನಿನಲ್ಲಿ ಅವನ ಪ್ರವಾಸ ಕಥನ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಇವತ್ತು ಬ್ರೆಜಿಲ್, ಆಫ್ರಿಕಾ, ಆಸ್ಟ್ರೇಲಿಯಾದ ಮಣ್ಣಿಗೂ ಇದೇ ಹೆಸರು.

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಕಲ್ಲು ಕಡಿಯುವವನ ಮಾತೇ ವಿಜ್ಞಾನದ ಮಾತಾಯಿತು, ಆದರೆ ಕಡಿಯುವವನ ಹೆಸರು ನಮಗೆ ಸಿಗಲಿಲ್ಲ. 17ನೇ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆಯೂ ಇದೇ ಕಲ್ಲಿನದು. ಕಟ್ಟಿಸಿದವನನ್ನು ಬಲ್ಲೆವು, ಕಲ್ಲು ಆರಿಸಿದವರನ್ನು ಅರಿಯೆವು.

3. ಬೆಟ್ಟು, ಮಜಲು, ಬೈಲು

ದಕ್ಷಿಣ ಕೆನರಾದ ಕಂದಾಯ ದಾಖಲೆಗಳಲ್ಲಿ ಗದ್ದೆಗಳನ್ನು ಮೂರಾಗಿ ವಿಂಗಡಿಸಿದ್ದರು. ಗುಡ್ಡದ ಬದಿಯಲ್ಲಿ ಮೆಟ್ಟಿಲು ಮಾಡಿ ಮಳೆಯನ್ನೇ ನಂಬಿದ್ದು ಬೆಟ್ಟು. ಅದರ ಕೆಳಗೆ, ತೋಡಿನ ಅಥವಾ ಕೆರೆಯ ನೀರು ಸ್ವಲ್ಪ ಕಾಲ ಸಿಗುವುದು ಮಜಲು. ಕಣಿವೆಯ ತಳದಲ್ಲಿ, ನೀರಿನ ಆಸರೆ ಇರುವುದು ಬೈಲು. ಬೆಟ್ಟಿನಲ್ಲಿ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಸುಗ್ಗಿಯೂ ಸೇರಿ ಎರಡು. ಒಳ್ಳೆಯ ಬೈಲಿನಲ್ಲಿ ಕೊಳಕೆಯೂ ಸೇರಿ ಮೂರು. ತೀರ್ವೆ ನಿಗದಿಯಾದದ್ದೂ ಇದರ ಮೇಲೆಯೇ. 1894ರಲ್ಲಿ ಬಂದ ಸ್ಟರಾಕ್ ಸಾಹೇಬರ ಜಿಲ್ಲಾ ಕೈಪಿಡಿ ಓದುವವರಿಗೆ ಈ ಪದಗಳು ಪದೇಪದೇ ಎದುರಾಗುತ್ತವೆ. ಸರಕಾರ ಇವನ್ನು ಹೊಸದಾಗಿ ಕಂಡುಹಿಡಿದದ್ದಲ್ಲ. ರೈತರ ಬಾಯಲ್ಲಿದ್ದ ಮಾತನ್ನು ಎತ್ತಿಕೊಂಡದ್ದು.

ಈ ವಿಂಗಡಣೆ ಮಣ್ಣಿನ ನಕ್ಷೆಯೂ ಹೌದು. ಮೇಲಿನಿಂದ ತೊಳೆದು ಬಂದ ನಯವಾದ ಜೇಡಿ ಬೈಲಿನಲ್ಲಿ ಸೇರಿ ನೀರನ್ನು ಹಿಡಿಯುತ್ತದೆ. ಬೆಟ್ಟಿನಲ್ಲಿ ಉಳಿಯುವುದು ಜಲ್ಲಿ ಬೆರೆತ ಕೆಂಪು ಮಣ್ಣು.

ಸಾರ ಹಿಡಿಯದ ಮಣ್ಣಿಗೆ ಪ್ರತಿ ವರ್ಷ ಸೊಪ್ಪು, ಹಟ್ಟಿಗೊಬ್ಬರ ಹಾಕದೆ ಗತಿಯಿಲ್ಲ. ಸೊಪ್ಪು ಎಲ್ಲಿಂದ? ಪಕ್ಕದ ಗುಡ್ಡದಿಂದ. ದಕ್ಷಿಣ ಕೆನರಾದಲ್ಲಿ ಕುಮ್ಕಿ ಎಂಬ ಹಕ್ಕು ಬೇರುಬಿಟ್ಟದ್ದು ಈ ಕಾರಣಕ್ಕೆ ಅಂತ ನನ್ನ ವಾದ. ವರ್ಗ ಜಾಗದ ಗಡಿಯಿಂದ ನೂರು ಗಜದವರೆಗಿನ ಸರಕಾರಿ ಗುಡ್ಡದಲ್ಲಿ ಸೊಪ್ಪು, ಸೌದೆ, ಮೇವು ತರಬಹುದು. ಕಾನೂನಿನ ಪುಸ್ತಕದಲ್ಲಿ ಇದು ಭೂಹಿಡುವಳಿಯ ವಿಷಯ. ಬುಡದಲ್ಲಿ ನೋಡಿದರೆ ಇದು ಕೆಯೊಲಿನೈಟ್ ಮಣ್ಣಿನ ಬಡತನಕ್ಕೆ ಕಟ್ಟಿದ ಪರಿಹಾರ. ಆದರೆ ಹಕ್ಕು ಸಿಕ್ಕಿದ್ದು ವರ್ಗದಾರನಿಗೆ. ಸೊಪ್ಪು ಹೊತ್ತ ತಲೆಗಳಿಗೆ ಕುಮ್ಕಿ ಇರಲಿಲ್ಲ.

4. ಸುರಂಗ ಪರ್ಷಿಯಾದಿಂದ ಬಂತೇ?

ಇರಾನಿನ ಕನಾತ್‌ಗೂ ನಮ್ಮ ಸುರಂಗಕ್ಕೂ ಹೋಲಿಕೆ ಇರುವುದರಿಂದ, ಅರಬ್ ವರ್ತಕರ ಮೂಲಕ ಈ ವಿದ್ಯೆ ಬಂದಿರಬಹುದು ಅಂತ ಹೇಳುವವರಿದ್ದಾರೆ. ಈ ಮಾತನ್ನು ಪರೀಕ್ಷಿಸಲು ನಾನು ಬೀದರನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದ, ಮಳೆ ಕಡಿಮೆಯ ಪ್ರಸ್ಥಭೂಮಿ. ಅಲ್ಲೂ ಮೇಲೆ ಮುರ, ಅದರ ಕೆಳಗೆ ಜೇಡಿಯಾಗಿ ಮಾಗಿದ ಪದರ, ಅಡಿಯಲ್ಲಿ ದಖನ್ನಿನ ಕಪ್ಪು ಕಲ್ಲು. 15ನೇ ಶತಮಾನದಲ್ಲಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದ ಮೇಲೆ ಬಹಮನಿ ಆಸ್ಥಾನದಲ್ಲಿ ಇರಾನಿನಿಂದ ಬಂದವರು ಬಹಳ ಮಂದಿ ಇದ್ದರು. ನೌಬಾದಿನ ಕರೇಜ್ ಆ ಸಂಪರ್ಕದ ಫಲ ಅನ್ನುವುದಕ್ಕೆ ಹಿನ್ನೆಲೆ ಇದೆ. ಅಲ್ಲಿಯ ಜನ ಅದನ್ನು ಸುರಂಗ ಬಾವಿ ಅಂತಲೇ ಕರೆಯುತ್ತಾರೆ.

ಆದರೆ ಎರಡರ ಸ್ವಭಾವ ನೋಡಿ. ಕರೇಜ್ ಅರಸೊತ್ತಿಗೆಯ ಕೆಲಸ. ಸಾಲುಸಾಲು ಗಾಳಿಬಾವಿಗಳು, ಊರಿಗೆ ನೀರು. ಬಾಯಾರು, ಎಣ್ಮಕಜೆ, ಪೈವಳಿಕೆ ಕಡೆಯ ಸುರಂಗ ಒಂದು ಮನೆಯದು, ಒಂದು ಅಡಿಕೆ ತೋಟದ್ದು. ಗಾಳಿಬಾವಿ ತೋಡುವುದು ತುಂಬ ಉದ್ದವಾದಾಗ ಮಾತ್ರ. ಹೊರಬಂದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಮಣ್ಣಿನ ಕೆರೆಗೆ ಬೀಳುತ್ತದೆ, ಅಲ್ಲಿಂದ ತೋಟಕ್ಕೆ. ಒಂದೇ ಬಗೆಯ ಮಣ್ಣು ಎರಡು ಕಡೆ ಒಂದೇ ಬಗೆಯ ಉತ್ತರ ಕೊಡಿಸಿತು ಅನ್ನುವುದು ನನಗೆ ಹೆಚ್ಚು ಒಪ್ಪುವ ವಿವರಣೆ. ವಿದ್ಯೆ ಹೊರಗಿನಿಂದ ಬಂದಿದ್ದರೂ, ಮುರ ಮತ್ತು ಶೇಡಿಯನ್ನು ಬಲ್ಲ ಕೈಗಳು ಇಲ್ಲಿ ಇಲ್ಲದಿದ್ದರೆ ಅದು ಒಂದು ಮಳೆಗಾಲವೂ ನಿಲ್ಲುತ್ತಿರಲಿಲ್ಲ.

ಆ ಕೈಗಳಿಗೆ ಹೆಸರು ಬಂದದ್ದು ತೀರಾ ಈಚೆಗೆ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಲೇ, ಹಲವು ಸುರಂಗ ವಿಫಲವಾದ ಮೇಲೂ ಬಿಡದೆ, ಒಬ್ಬರೇ ಕೊರೆದು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪತ್ರಕರ್ತ ಶ್ರೀಪಡ್ರೆಯವರು ಸುರಂಗಗಳ ಬಗ್ಗೆ ಬರೆಯದೇ ಇದ್ದಿದ್ದರೆ ನಮ್ಮಲ್ಲಿ ಎಷ್ಟು ಜನರಿಗೆ ಇದು ಇತಿಹಾಸದ ವಸ್ತು ಅನ್ನಿಸುತ್ತಿತ್ತೋ ಗೊತ್ತಿಲ್ಲ.

5. ಈಗಿನ ಮಾತು

ಗುಡ್ಡದ ಮೇಲೆ ಬಿದ್ದದ್ದು ಗುಡ್ಡದ ಬುಡಕ್ಕೆ ಬಂದೇ ಬರುತ್ತದೆ. ಈ ಸರಳ ಸತ್ಯವನ್ನು ಕಾಸರಗೋಡು ಬಹಳ ದುಬಾರಿ ಬೆಲೆ ಕೊಟ್ಟು ಕಲಿಯಿತು. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡಗಳ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಪಿನ ಕೆಳಗೆ ಮನೆ, ತೋಡು, ಸುರಂಗ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಅದನ್ನು ತಡೆಯುವ ಹೊತ್ತಿಗೆ ಒಂದು ಪೀಳಿಗೆ ನಲುಗಿತ್ತು. ಗುಡ್ಡವನ್ನು ಬರೀ ಪಾಳು ಅಂತ ಬಗೆದ ಆಡಳಿತ, ಅದು ಕೆಳಗಿನವರ ನೀರಿನ ತೊಟ್ಟಿ ಅನ್ನುವುದನ್ನು ಮರೆತದ್ದರ ಪರಿಣಾಮ ಇದು.

ಈಗ ಮತ್ತೆರಡು ಸಂಗತಿ. ಯಂತ್ರದಿಂದ ಕಲ್ಲು ಕೊಯ್ದಾಗ ನೀರು ಇಂಗಿಸುವ ಮುರವೇ ಮಾಯವಾಗುತ್ತದೆ. ಕೊಳವೆಬಾವಿ ಶೇಡಿಯನ್ನೂ ದಾಟಿ ಬಂಡೆಯ ಬಿರುಕಿನ ನೀರಿಗೆ ಕೈಹಾಕುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ಗುಡ್ಡಗಳನ್ನು ನೆಟ್ಟಗೆ ಕಡಿದಿದ್ದಾರೆ; 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಮುರದ ಗೋಡೆ ನೆಟ್ಟಗೆ ನಿಲ್ಲುತ್ತದೆ, ನಿಜ. ಅಡಿಯ ಶೇಡಿ ನೀರು ಕುಡಿದರೆ ನಿಲ್ಲುವುದಿಲ್ಲ. ಸುರಂಗ ಕೊರೆಯುವವನಿಗೆ ಇದು ಮೊದಲ ಪಾಠ.

ಚರ್ಚೆ

ಮಂಡನೆಯ ಬಳಿಕ ಸಹಪಾಠಿಯೊಬ್ಬರು ಕೇಳಿದರು: “ಲಿಖಿತ ದಾಖಲೆ ಇಲ್ಲದ ಈ ಅರಿವನ್ನು ಇತಿಹಾಸ ಅಂತ ಹೇಗೆ ಬರೆಯುವುದು? ಇದು ಭೂಗೋಳದ ವಿಷಯ ಅಲ್ವಾ?”

ನಾನು ಕೊಟ್ಟ ಉತ್ತರ ಇದು. ದಾಖಲೆ ಪೂರ್ತಿ ಇಲ್ಲ ಅಂತಲ್ಲ, ಹಂಚಿಹೋಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಆ ವಾದ ಇವತ್ತಿಗೂ ಮುಗಿದಿಲ್ಲ, ಅದಕ್ಕೆ ನಾನು ಇಲ್ಲಿ ಕೈಹಾಕುವುದಿಲ್ಲ. ಆದರೆ ಬಾಯಾರಿನ ಗುಡ್ಡವೂ ಗಡಿಯಾಚೆಯ ಮಾಣಿಲದ ಗುಡ್ಡವೂ ಒಂದೇ ಮುರದವು. ಅಂಕಿಅಂಶ ಮಾತ್ರ ಎರಡು ರಾಜ್ಯಗಳ ಕಪಾಟಿನಲ್ಲಿ. ಹಳೆಯ ಕಂದಾಯ ಕಾಗದದಲ್ಲಿ ಬೆಟ್ಟು, ಮಜಲು, ಕುಮ್ಕಿ ಅಂತ ಇರುವುದನ್ನು ಓದಲು ಕನ್ನಡ ಬೇಕು, ಅರ್ಥ ಮಾಡಲು ತುಳು ಬೇಕು, ಈಗಿನ ಕಚೇರಿಯಲ್ಲಿ ಅದನ್ನು ಕೇಳಿ ಪಡೆಯಲು ಮಲಯಾಳ ಬೇಕು. ಮೂರೂ ಬಲ್ಲವರು ಈ ಪರದೆಯ ಮೇಲೆಯೇ ಹತ್ತಾರು ಮಂದಿ ಇದ್ದೀರಿ. ಸುರಂಗ ಕೊರೆದ ಹಿರಿಯರು ಇನ್ನೂ ಕೆಲವರು ಬದುಕಿದ್ದಾರೆ. ಅವರ ಮಾತನ್ನು ಅವರ ಹೆಸರಿನ ಸಮೇತ, ಅವರ ಒಪ್ಪಿಗೆ ಪಡೆದು, ಈ ಬೇಸಿಗೆಯಲ್ಲೇ ಬರೆದುಕೊಂಡರೆ ಅದೇ ದಾಖಲೆಯಾಗುತ್ತದೆ. ಬುಕಾನನ್ ಮಾತನ್ನು ಒಯ್ದ, ಹೆಸರನ್ನು ಬಿಟ್ಟ. ನಾವು ಎರಡನ್ನೂ ಬರೆದಿಡಬಹುದು.